ಕಾರಿನ ತುಂಡಾದ ತಂತಿ: ಮನೆಯಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ತೆರಿಗೆ, ಲೆಕ್ಕಪತ್ರ ಮತ್ತು ಮಾರುಕಟ್ಟೆಗೆ ಸಂಬಂಧಿಸಿದ ಲೇಖನಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಕಾರಿನ ವೈರಿಂಗ್ ಕುರಿತು ಬರೆಯುವುದು ಕೆಲವು ಸದಸ್ಯರಿಗೆ ವಿಚಿತ್ರವೆನಿಸಬಹುದು. ಆದರೆ ವರ್ಷಾಂತ್ಯದಲ್ಲಿ ವ್ಯಾಪಾರಿಗಳ ಖರ್ಚಿನ ಖಾತೆಗಳನ್ನು ಪರಿಶೀಲಿಸುವ ನನ್ನಂತಹವರ ಕಣ್ಣಿಗೆ 'ವಾಹನ ದುರಸ್ತಿ' ಎಂಬ ಶೀರ್ಷಿಕೆಯಡಿ ಪದೇ ಪದೇ ಬೀಳುವ ಬಿಲ್ಲೊಂದಿದೆ. ಅದರಲ್ಲಿ 'ವೈರಿಂಗ್ ಕೆಲಸ' ಎಂಬ ಎರಡೇ ಶಬ್ದಗಳಿರುತ್ತವೆ. ಯಾವ ತಂತಿ ತುಂಡಾಗಿತ್ತು, ಏಕೆ ತುಂಡಾಯಿತು, ಅದನ್ನು ಜೋಡಿಸಲಾಯಿತೇ ಅಥವಾ ಇಡೀ ವೈರಿಂಗ್ ಹಾರ್ನೆಸ್ಸನ್ನೇ ಬದಲಾಯಿಸಲಾಯಿತೇ ಎಂದು ಕೇಳಿದರೆ ಮಾಲೀಕರ ಬಳಿ ಉತ್ತರವಿರುವುದಿಲ್ಲ. ಅಂಗಡಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಹೆಚ್ಚುಕಡಿಮೆಯಾದರೂ ವಿಚಾರಿಸುವ ವ್ಯಾಪಾರಿ, ಸಾವಿರಾರು ರೂಪಾಯಿಗಳ ಈ ಬಿಲ್ಲಿನ ಮುಂದೆ ಮಾತ್ರ ಮೌನ ವಹಿಸುತ್ತಾನೆ.

ಇದಕ್ಕೆ ವಿರುದ್ಧವಾದ ಇನ್ನೊಂದು ವರ್ಗವೂ ಇದೆ. ದೀಪ ಉರಿಯದಿದ್ದರೆ ಬಾನೆಟ್ ಎತ್ತಿ, ಎರಡು ತಂತಿಗಳನ್ನು ಹೊಸೆದು, ಟೇಪು ಸುತ್ತಿ, ಫ್ಯೂಸ್ ಸುಟ್ಟಿದ್ದರೆ ಸಿಗರೇಟು ಪೆಟ್ಟಿಗೆಯ ಬೆಳ್ಳಿ ಕಾಗದವನ್ನು ತುರುಕಿ 'ಕೆಲಸ ಆಯಿತು' ಎನ್ನುವವರು ಇವರು. ಮೊದಲನೆಯ ವರ್ಗದವರು ಹಣ ಕಳೆದುಕೊಳ್ಳುತ್ತಾರೆ. ಎರಡನೆಯವರು ವಾಹನವನ್ನೇ ಕಳೆದುಕೊಳ್ಳಬಹುದು, ಪ್ರಾಣಕ್ಕೂ ಅಪಾಯ ತಂದುಕೊಳ್ಳಬಹುದು.

ನನ್ನ ಅಭಿಪ್ರಾಯ ಇಷ್ಟೇ: ಕಾರಿನ ಸಾಧಾರಣ ದೀಪ ಅಥವಾ ಹಾರ್ನಿನ ತಂತಿ ತುಂಡಾದಾಗ ಅದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳುವುದು ಸಾಧ್ಯವೂ ಹೌದು, ಪ್ರೋತ್ಸಾಹಾರ್ಹವೂ ಹೌದು. ಆದರೆ ಅದಕ್ಕೊಂದು ಗಡಿಯಿದೆ, ಒಂದು ಶಿಸ್ತಿದೆ. ಆ ಗಡಿಯನ್ನು ಅರಿಯದವರು ಕೈಹಾಕಬಾರದು. ಅರಿತವರು ಸುಮ್ಮನೆ ಹಣ ತೆರಬೇಕಾಗಿಲ್ಲ.

ತಂತಿ ಎಲ್ಲಿ ತುಂಡಾಗುತ್ತದೆ?

1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿದಾಗ ಕಾರಿನ ವಿದ್ಯುತ್ ವ್ಯವಸ್ಥೆ ಸರಳವಾಗಿತ್ತು. ದೀಪಗಳು, ಹಾರ್ನು, ವೈಪರು, ಇಂಜಿನ್ ಚಾಲನೆಗೆ ಬೇಕಾದ ಕೆಲವು ತಂತಿಗಳು, ಇಷ್ಟರಲ್ಲಿ ಬಹುಮಟ್ಟಿಗೆ ಎಲ್ಲವೂ ಮುಗಿಯುತ್ತಿತ್ತು. ಇಂದಿನ ಕಾರಿನಲ್ಲಿ ಕಿಟಕಿ, ಕನ್ನಡಿ, ಬೀಗ, ಏರ್‌ಬ್ಯಾಗ್, ಬ್ರೇಕಿನ ಎ.ಬಿ.ಎಸ್., ಇಂಜಿನ್ನಿನ ಗಣಕ ಎಲ್ಲವೂ ತಂತಿಗಳ ಮೇಲೆಯೇ ಅವಲಂಬಿತವಾಗಿವೆ. ಹೀಗಿದ್ದರೂ ತಂತಿ ತುಂಡಾಗುವ ಸ್ಥಳಗಳು ಮಾತ್ರ ಬೆರಳೆಣಿಕೆಯಷ್ಟೇ.

ಮೊದಲನೆಯದು, ಪದೇ ಪದೇ ಮಡಚಿಕೊಳ್ಳುವ ಜಾಗ. ಹಿಂಬಾಗಿಲು ಮೇಲೆತ್ತುವ ಮಾದರಿಯ ಕಾರುಗಳಲ್ಲಿ ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ತಂತಿಗಳು ಒಂದು ರಬ್ಬರ್ ಕೊಳವೆಯೊಳಗೆ ಇರುತ್ತವೆ. ಬಾಗಿಲು ತೆರೆದಾಗಲೆಲ್ಲ ಅವು ಬಾಗಿ ನೇರವಾಗುತ್ತವೆ. ವರ್ಷಾನುಗಟ್ಟಲೆ ಹೀಗಾದ ಮೇಲೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದುಹೋಗುತ್ತವೆ. ಸರಕು ತುಂಬಿ ಇಳಿಸುವುದಕ್ಕಾಗಿ ದಿನಕ್ಕೆ ಹತ್ತಾರು ಬಾರಿ ಹಿಂಬಾಗಿಲು ತೆರೆಯುವ ವ್ಯಾಪಾರಿಗಳ ವಾಹನಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುವುದು ಸಹಜ. ಚಾಲಕನ ಬಾಗಿಲಿನ ರಬ್ಬರ್ ಕೊಳವೆಯಲ್ಲಿಯೂ ಇದೇ ತೊಂದರೆ.

ಎರಡನೆಯದು, ತಂತಿಯು ಲೋಹದ ಅಂಚಿಗೆ ಉಜ್ಜುವ ಜಾಗ ಮತ್ತು ಇಂಜಿನ್ನಿನ ಬಿಸಿಗೆ ಹತ್ತಿರವಾದ ಜಾಗ. ಮೂರನೆಯದು, ಅರ್ತಿಂಗ್. ಕಾರಿನ ಲೋಹದ ಮೈಯೇ ವಿದ್ಯುತ್ತು ಬ್ಯಾಟರಿಯ ಋಣ ಧ್ರುವಕ್ಕೆ ಮರಳುವ ದಾರಿ. ಕರಾವಳಿಯ ಉಪ್ಪು ಗಾಳಿ ಮತ್ತು ಮಲೆನಾಡಿನ ಮಳೆಗೆ ಅರ್ತಿಂಗ್ ಬೋಲ್ಟಿನ ಕೆಳಗೆ ತುಕ್ಕು ಕೂತರೆ, ತಂತಿ ತುಂಡಾಗದಿದ್ದರೂ ತುಂಡಾದಂತೆಯೇ ಲೆಕ್ಕ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ನಾಲ್ಕನೆಯದು, ಇಲಿಗಳ ಕಾಟ. ದಾಸ್ತಾನು ಮಳಿಗೆ, ಅಕ್ಕಿ ಗಿರಣಿ, ಎಣ್ಣೆ ಗಾಣಗಳ ಬಳಿ ನಿಲ್ಲುವ ವಾಹನಗಳ ಬಾನೆಟ್ಟಿನೊಳಗೆ ಇಲಿ ಸೇರಿಕೊಂಡು ತಂತಿಯ ಹೊದಿಕೆಯನ್ನು ಕಡಿಯುವುದು ನಮ್ಮ ಸದಸ್ಯರಿಗೆ ಅಪರಿಚಿತ ಸಂಗತಿಯಲ್ಲ.

ಫ್ಯೂಸ್ ಎಂಬ ಆಂತರಿಕ ಪರಿಶೋಧಕ

ಕಾರಿನ ಬ್ಯಾಟರಿ ಕೇವಲ 12 ವೋಲ್ಟಿನದು, ಅದರಿಂದ ಏನಾದೀತು ಎಂಬ ಉದಾಸೀನ ಸಾರ್ವತ್ರಿಕವಾಗಿದೆ. ಒಣಗಿದ ಕೈಗೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲವೆಂಬುದು ನಿಜ. ಆದರೆ ಅದೇ ಬ್ಯಾಟರಿಯ ಎರಡು ಧ್ರುವಗಳು ನೇರವಾಗಿ ಕೂಡಿದರೆ ನೂರಾರು ಆಂಪಿಯರ್ ಪ್ರವಾಹ ಹರಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಅಂದರೆ ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಕಾರು ಶಾಕ್ ಹೊಡೆಯುವುದಿಲ್ಲ, ಹೊತ್ತಿಕೊಳ್ಳುತ್ತದೆ.

ಇದನ್ನು ತಡೆಯಲೆಂದೇ ಫ್ಯೂಸ್ ಇರುವುದು. ತಂತಿ ತಾಳಬಲ್ಲ ಮಿತಿಗೆ ಮುನ್ನವೇ ಅದು ತಾನು ಸುಟ್ಟುಹೋಗಿ ಪ್ರವಾಹವನ್ನು ನಿಲ್ಲಿಸುತ್ತದೆ. ಅಲಗಿನ ಆಕಾರದ ಫ್ಯೂಸುಗಳಿಗೆ ನಿಗದಿತ ಬಣ್ಣಗಳಿವೆ: 5 ಆಂಪಿಯರ್ ತಿಳಿ ಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಫ್ಯೂಸ್ ಸುಟ್ಟ ಜಾಗಕ್ಕೆ ಕೆಂಪನ್ನೇ ಹಾಕಬೇಕು. 'ಕೆಂಪು ನಿಲ್ಲುತ್ತಿಲ್ಲ, ಹಸಿರು ಹಾಕೋಣ' ಎನ್ನುವುದು, ಆಕ್ಷೇಪಣೆ ಎತ್ತಿದ ಲೆಕ್ಕಪರಿಶೋಧಕನನ್ನು ಬಿಡಿಸಿ ಸುಮ್ಮನಿರುವವನನ್ನು ನೇಮಿಸಿಕೊಂಡಂತೆ. ಆಕ್ಷೇಪಣೆ ನಿಂತಿತೆಂದ ಮಾತ್ರಕ್ಕೆ ಸೋರಿಕೆ ನಿಲ್ಲುವುದಿಲ್ಲ. ವ್ಯತ್ಯಾಸವಿಷ್ಟೇ: ಲೆಕ್ಕದ ಸೋರಿಕೆ ವರ್ಷಗಳ ನಂತರ ಬೆಳಕಿಗೆ ಬರಬಹುದು, ತಂತಿಯ ಸೋರಿಕೆ ನಿಮಿಷಗಳಲ್ಲಿ ಹೊಗೆಯಾಗಿ ಕಾಣಿಸಿಕೊಳ್ಳುತ್ತದೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಮ್ಮ ಹಿರಿಯರ ಮಾತು ತಂತಿಗೂ ಅನ್ವಯಿಸುತ್ತದೆ. 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಬೆಳಕು ಸಾಲದೆಂದು 100 ವ್ಯಾಟಿನದನ್ನು ಹಾಕಿದರೆ ಅದು 8 ಆಂಪಿಯರಿಗೂ ಮೀರುತ್ತದೆ. ತಂತಿ ಮತ್ತು ಸ್ವಿಚ್ಚು ಮಾತ್ರ ಹಿಂದಿನವೇ. ಹೊರಗಿನಿಂದ ತಂದ ಹಾರ್ನು, ಮ್ಯೂಸಿಕ್ ಸಿಸ್ಟಂ, ಹೆಚ್ಚುವರಿ ದೀಪಗಳನ್ನು ಮೂಲ ತಂತಿಗೆ ಕಚ್ಚಿಸಿ ಜೋಡಿಸುವ ಪದ್ಧತಿಯೂ ಇಷ್ಟೇ ಅಪಾಯಕಾರಿ. ಇಂತಹವುಗಳಿಗೆ ಬ್ಯಾಟರಿಯಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಬೇಕೇ ಬೇಕು.

ದೋಷ ಪತ್ತೆಯ ಕ್ರಮ

ಮನೆಯಲ್ಲಿ ದುರಸ್ತಿ ಮಾಡದವರೂ ದೋಷವನ್ನು ಪತ್ತೆ ಮಾಡುವಷ್ಟು ತಿಳಿದಿರಬೇಕು ಎಂಬುದು ನನ್ನ ಆಗ್ರಹ. ರೋಗ ಇಂತಹುದೆಂದು ತಿಳಿದವನಿಗೆ ಔಷಧದ ಬಿಲ್ಲು ದುಬಾರಿಯಾಗುವುದಿಲ್ಲ. ಇದಕ್ಕೆ ಬೇಕಾದದ್ದು ಕೆಲವೇ ನೂರು ರೂಪಾಯಿಗಳಿಗೆ ಸಿಗುವ ಒಂದು ಡಿಜಿಟಲ್ ಮಲ್ಟಿಮೀಟರ್ ಹಾಗೂ ವಾಹನದೊಂದಿಗೆ ಬಂದ ಮಾಲೀಕರ ಕೈಪಿಡಿ. ಯಾವ ಫ್ಯೂಸ್ ಯಾವ ದೀಪಕ್ಕೆ ಸೇರಿದ್ದೆಂಬ ಪಟ್ಟಿ ಸಾಮಾನ್ಯವಾಗಿ ಕೈಪಿಡಿಯಲ್ಲಿಯೇ ಇರುತ್ತದೆ.

ನಂಬರ್ ಪ್ಲೇಟಿನ ದೀಪ ಉರಿಯುತ್ತಿಲ್ಲವೆಂದು ಇಟ್ಟುಕೊಳ್ಳೋಣ. ಕ್ರಮ ಹೀಗಿರಬೇಕು. ಮೊದಲು ಬಲ್ಬು, ಅನಂತರ ಫ್ಯೂಸ್, ಆಮೇಲೆ ತಂತಿ. ಬಲ್ಬು ಮತ್ತು ಫ್ಯೂಸ್ ಸರಿಯಿದ್ದರೆ, ಸ್ವಿಚ್ಚು ಹಾಕಿ ಬಲ್ಬಿನ ಹೋಲ್ಡರಿನಲ್ಲಿ ವೋಲ್ಟೇಜನ್ನು ಅಳೆಯಬೇಕು. ಹಿಂಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದಾಗ ಅಂಕಿ ಬಂದು ಹೋಗಿ ಮಾಡಿದರೆ ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿದೆ ಎಂದು ಬಹುಮಟ್ಟಿಗೆ ಖಚಿತ. ಬಾಗಿಲು ಆಡಿಸಿದಾಗ ಫ್ಯೂಸ್ ಸುಟ್ಟರೆ ತಂತಿಯ ಹೊದಿಕೆ ಹರಿದು ಲೋಹಕ್ಕೆ ತಗಲುತ್ತಿದೆ ಎಂದರ್ಥ.

ಇಲ್ಲೊಂದು ಸೂಕ್ಷ್ಮವಿದೆ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದು ಒಂದೇ ಎಳೆ ಉಳಿದಿದ್ದರೂ ಬಲ್ಬು ತೆಗೆದು ಅಳೆದಾಗ ಮೀಟರು 12 ವೋಲ್ಟನ್ನೇ ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಅದರ ಬಡತನ ಹೊರಬೀಳುತ್ತದೆ. ಆದ್ದರಿಂದ ದೀಪವನ್ನು ಸೇರಿಸಿ, ಸ್ವಿಚ್ಚು ಹಾಕಿದ ಸ್ಥಿತಿಯಲ್ಲಿಯೇ ಅಳೆಯಬೇಕು. ಅರ್ತಿಂಗ್ ಪರೀಕ್ಷೆಯೂ ಹಾಗೆಯೇ: ದೀಪ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ತಿಂಗ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೂ ಹಿಡಿದರೆ 0.2 ವೋಲ್ಟಿಗಿಂತ ಹೆಚ್ಚು ತೋರಬಾರದು. ತೋರಿದರೆ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯುವುದೇ ದುರಸ್ತಿ. ಅದಕ್ಕೆ ಉಪ್ಪುಕಾಗದದ ಒಂದು ತುಂಡಿನಷ್ಟೇ ಖರ್ಚು.

ಜೋಡಣೆಯ ಶಿಸ್ತು

ತುಂಡಾದ ಜಾಗ ಸಿಕ್ಕ ಮೇಲೆ ಕಾರಿನ ಕೀಲಿ ತೆಗೆದು, ಬ್ಯಾಟರಿಯ ಋಣ ಧ್ರುವವನ್ನು ಮೊದಲು ಬಿಚ್ಚಬೇಕು. ಕೊನೆಯಲ್ಲಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಕಾರಣ ಸರಳವಾಗಿದೆ. ಧನ ಧ್ರುವವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಕಾರಿನ ಮೈಗೆ ತಗಲಿದರೆ ನೇರ ಶಾರ್ಟ್ ಆಗುತ್ತದೆ. ಕೈಯ ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡುವುದು ಕ್ಷೇಮ. ಬ್ಯಾಟರಿ ಬಿಚ್ಚಿದ ಮೇಲೆ ವಿದ್ಯುತ್ ಬೀಗದ ಹಿಂಬಾಗಿಲು ತೆರೆಯದಿರಬಹುದಾದ್ದರಿಂದ ಅದನ್ನು ಮೊದಲೇ ತೆರೆದಿಟ್ಟುಕೊಳ್ಳಬೇಕು. ಕೆಲವು ಸ್ಟೀರಿಯೋಗಳು ಮತ್ತೆ ಚಾಲೂ ಆಗಲು ಸಂಕೇತ ಸಂಖ್ಯೆ ಕೇಳುತ್ತವೆ, ಅದನ್ನೂ ಬರೆದಿಟ್ಟುಕೊಂಡಿರಬೇಕು.

ಇನ್ನು ತಂತಿಯ ಆಯ್ಕೆ. ಮನೆಯ ಗೋಡೆಯೊಳಗಿನ ವೈರಿಂಗಿಗೆ ತಂದು ಉಳಿದ ತಂತಿಯನ್ನು ಕಾರಿಗೆ ಬಳಸಕೂಡದು. ಸದಾ ಅದುರುವ, ಬಿಸಿಗೆ ಒಡ್ಡಿಕೊಳ್ಳುವ ವಾಹನಕ್ಕೆಂದೇ ತಯಾರಾದ, ಬಹು ಎಳೆಗಳ ತಾಮ್ರದ ಆಟೋ ತಂತಿ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿಯೂ ಜಿಲ್ಲಾ ಕೇಂದ್ರಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿಯೂ ಮೀಟರ್ ಲೆಕ್ಕದಲ್ಲಿ ದೊರೆಯುತ್ತದೆ. ಹಳೆಯ ತಂತಿಯ ದಪ್ಪಕ್ಕಿಂತ ಹೊಸದರ ದಪ್ಪ ಎಂದಿಗೂ ಕಡಿಮೆಯಿರಬಾರದು. ಸಾಧ್ಯವಾದರೆ ಬಣ್ಣವೂ ಅದೇ ಇರಲಿ. ಮುಂದೆ ದುರಸ್ತಿ ಮಾಡುವವನಿಗೆ ಬಣ್ಣವೇ ದಾಖಲೆ.

ಎರಡು ತುದಿಗಳನ್ನು ಹೊಸೆದು ಟೇಪು ಸುತ್ತುವುದು ದುರಸ್ತಿಯಲ್ಲ, ದೋಷವನ್ನು ಮುಂದೂಡುವುದು. ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಹೊಸೆತ ಸಡಿಲಾಗುತ್ತದೆ, ಸಡಿಲಾದ ಜಾಗದಲ್ಲಿ ಶಾಖ ಹುಟ್ಟುತ್ತದೆ. ಹೆಡ್‌ಲೈಟಿನ ದಾರಿಯಲ್ಲಿ ಕೇವಲ ಅರ್ಧ ಓಮ್ ಪ್ರತಿರೋಧದ ಕೆಟ್ಟ ಸಂದಿಯಿದ್ದರೆ ಸುಮಾರು 2 ವೋಲ್ಟ್ ಅಲ್ಲಿಯೇ ವ್ಯರ್ಥವಾಗಿ, 7–8 ವ್ಯಾಟಿನಷ್ಟು ಶಾಖ ಆ ಒಂದು ಬಿಂದುವಿನಲ್ಲಿ ಹುಟ್ಟುತ್ತದೆ. ಫ್ಯೂಸ್ ಇದನ್ನು ಗುರುತಿಸಲಾರದು, ಏಕೆಂದರೆ ಪ್ರವಾಹ ಹೆಚ್ಚಾಗಿರುವುದಿಲ್ಲ. ಕೆಟ್ಟ ಜೋಡಣೆಯ ನಿಜವಾದ ಅಪಾಯ ಇಲ್ಲಿದೆ.

ಸರಿಯಾದ ವಿಧಾನಗಳು ಎರಡು. ಒಂದು, ತಾಮ್ರದ ಸಣ್ಣ ಕೊಳವೆಯೊಳಗೆ ಎರಡೂ ತುದಿಗಳನ್ನು ಸೇರಿಸಿ, ಅದಕ್ಕೆಂದೇ ಇರುವ ಉಪಕರಣದಿಂದ ಒತ್ತಿ ಬಿಗಿಯುವ ಕ್ರಿಂಪಿಂಗ್. ಇಕ್ಕಳದಿಂದ ಅಥವಾ ಹಲ್ಲಿನಿಂದ ಒತ್ತಿದ್ದು ಕ್ರಿಂಪಿಂಗ್ ಅಲ್ಲ. ಇನ್ನೊಂದು, ರೋಸಿನ್ ತುಂಬಿದ ಸೋಲ್ಡರ್ ತಂತಿಯಿಂದ ಮಾಡುವ ಬೆಸುಗೆ. ತಗಡಿನ ಕೆಲಸಕ್ಕೆ ಬಳಸುವ ಆಮ್ಲವನ್ನು ಇಲ್ಲಿ ಬಳಸಿದರೆ ಕೆಲವು ತಿಂಗಳಲ್ಲಿ ತಾಮ್ರ ಹಸಿರುಗಟ್ಟಿ ಸವೆಯುತ್ತದೆ. ಬೆಸುಗೆಯ ಪಕ್ಕದಲ್ಲಿ ತಂತಿ ಬಿರುಸಾಗುವುದರಿಂದ, ಬಾಗುವ ಜಾಗದಲ್ಲಿ ಬೆಸುಗೆ ಬೇಡ. ರಬ್ಬರ್ ಕೊಳವೆಯೊಳಗೆ ತುಂಡಾದ ತಂತಿಗೆ ಹೊಸ ತುಂಡನ್ನು ಉದ್ದವಾಗಿ ಸೇರಿಸಿ, ಎರಡೂ ಸಂದಿಗಳು ಬಾಗದ ಭಾಗದಲ್ಲಿ, ಅಂದರೆ ಒಂದು ಕಾರಿನ ಮೈಯೊಳಗೆ, ಇನ್ನೊಂದು ಬಾಗಿಲಿನೊಳಗೆ ಬರುವಂತೆ ಮಾಡುವುದೇ ಬಾಳುವ ದುರಸ್ತಿ. ಹಲವು ತಂತಿಗಳು ತುಂಡಾಗಿದ್ದರೆ ಸಂದಿಗಳನ್ನು ಒಂದೇ ಸಾಲಿನಲ್ಲಿ ತಾರದೆ ಹಿಂದೆ ಮುಂದೆ ಮಾಡಬೇಕು. ಪ್ರತಿ ಸಂದಿಯ ಮೇಲೂ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವನ್ನು ಬಿಸಿ ಗಾಳಿಯಿಂದ ಕುಗ್ಗಿಸಿದರೆ ನೀರು ಒಳಸೇರುವುದಿಲ್ಲ. ಈ ಸ್ಲೀವನ್ನು ಜೋಡಿಸುವ ಮುನ್ನವೇ ತಂತಿಗೆ ತೊಡಿಸಿಟ್ಟಿರಬೇಕು.

ಕೆಲಸ ಮುಗಿದ ಮೇಲೆ ನಿಗದಿತ ಫ್ಯೂಸನ್ನೇ ಹಾಕಿ, ದೀಪ ಉರಿಸಿ, ಹಿಂಬಾಗಿಲನ್ನು ಇಪ್ಪತ್ತು ಬಾರಿ ತೆರೆದು ಮುಚ್ಚಿ ನೋಡಬೇಕು. ಅರ್ಧ ಗಂಟೆ ಓಡಿಸಿದ ನಂತರ ಸಂದಿಯನ್ನು ಮುಟ್ಟಿದಾಗ ಅದು ಬಿಸಿಯಾಗಿರಬಾರದು.

ಕೈಹಾಕಬಾರದ ತಂತಿಗಳು

ಇಲ್ಲಿಯವರೆಗೆ ಹೇಳಿದ್ದು ದೀಪ, ಹಾರ್ನು, ವೈಪರುಗಳಂತಹ ಸಾಧಾರಣ ತಂತಿಗಳ ಮಾತು. ಕೆಲವನ್ನು ಯಾವ ಕಾರಣಕ್ಕೂ ಮನೆಯಲ್ಲಿ ಮುಟ್ಟಕೂಡದು.

ಹಳದಿ ಹೊದಿಕೆ ಅಥವಾ ಹಳದಿ ಕನೆಕ್ಟರ್ ಇರುವುದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ ಅಗ್ಗದ ಕಾರಿನಲ್ಲಿಯೂ ಈ ತಂತಿಗಳಿವೆ. ಮೀಟರಿನ ಸಣ್ಣ ಪ್ರವಾಹವೂ ಏರ್‌ಬ್ಯಾಗನ್ನು ಸಿಡಿಸುವ ಸಂಭವವಿದೆ. ಕೆಟ್ಟ ಜೋಡಣೆಯಿಂದ ಅಪಘಾತದ ವೇಳೆ ಅದು ಬಿಚ್ಚಿಕೊಳ್ಳದೆಯೂ ಹೋಗಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳ ಅಧಿಕ ವೋಲ್ಟೇಜಿನವು. ಅಲ್ಲಿ ಹರಿಯುವುದು ನೂರಾರು ವೋಲ್ಟ್, ಅದು ಪ್ರಾಣಾಂತಿಕ. ಎ.ಬಿ.ಎಸ್. ಸಂವೇದಕದ ತಂತಿ, ಇಂಜಿನ್ ಗಣಕದ ತಂತಿ, ಜೋಡಿಯಾಗಿ ಹೊಸೆದಿರುವ ಮಾಹಿತಿ ತಂತಿ, ಪೆಟ್ರೋಲ್ ಪಂಪು ಮತ್ತು ಸಿ.ಎನ್.ಜಿ. ಕಿಟ್ಟಿನ ತಂತಿಗಳನ್ನೂ ಪರಿಣತರಿಗೇ ಬಿಡಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ಮಾನದಂಡದ ವಾಹನಗಳ ಇಂಜಿನ್ ವೈರಿಂಗಿನಲ್ಲಿ ಸಂವೇದಕಗಳು ಹೇರಳವಾಗಿವೆ. ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡುವ ಹಳೆಯ ಅಭ್ಯಾಸ ಗಣಕವನ್ನೇ ಕೆಡಿಸಬಹುದು.

ಲೆಕ್ಕದ ದೃಷ್ಟಿಯಿಂದ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಕೇವಲ ಉದಾಹರಣೆಗೆಂದು, ಹಿಂಬಾಗಿಲಿನ ಹಾರ್ನೆಸ್ ಬದಲಾವಣೆಗೆ ಕೂಲಿ ಸಹಿತ 8,000 ರೂಪಾಯಿ ಎಂದು ಭಾವಿಸೋಣ. ಶೇ. 18ರ ಜಿ.ಎಸ್.ಟಿ. 1,440 ರೂಪಾಯಿ ಸೇರಿ 9,440 ಆಯಿತು. ಭಾಗ ಬರುವವರೆಗೆ ಮೂರು ದಿನ ವಾಹನ ನಿಂತು, ಬದಲಿ ವಾಹನಕ್ಕೆ ದಿನಕ್ಕೆ 1,500ರಂತೆ ತೆತ್ತರೆ 4,500. ಒಟ್ಟು 13,940 ರೂಪಾಯಿ. ತುಂಡಾಗಿದ್ದದ್ದು ಒಂದು ಗೇಣು ತಂತಿ. 'ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?' ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ.

ಜಿ.ಎಸ್.ಟಿ. ವಿಷಯದಲ್ಲಿ ಒಂದು ಅಂಶವನ್ನು ಸದಸ್ಯರು ಗಮನಿಸಬೇಕು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನನ್ವಯ ಸಾಮಾನ್ಯವಾಗಿ ಲಭ್ಯವಿಲ್ಲ. ವಾಹನಗಳ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ನಡೆಸುವವರಿಗೆ ವಿನಾಯಿತಿಯಿದೆ. ಸರಕು ಸಾಗಣೆಯ ವಾಹನಗಳಿಗೆ ಈ ನಿರ್ಬಂಧವಿಲ್ಲ. ಹೀಗಾಗಿ ಮೇಲಿನ 1,440 ರೂಪಾಯಿ ಸರಕಿನ ವ್ಯಾನಿಗಾದರೆ ಜಮೆಯಾಗುತ್ತದೆ, ಮಾಲೀಕರ ಕಾರಿಗಾದರೆ ಶುದ್ಧ ಖರ್ಚು. ಆದಾಯ ತೆರಿಗೆಯ ದೃಷ್ಟಿಯಿಂದ, ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ್ದೇ ಚಾಲ್ತಿ ದುರಸ್ತಿ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತುಂಡಾದ ತಂತಿಯ ಜೋಡಣೆ ಈ ವರ್ಗಕ್ಕೆ ಸೇರುತ್ತದೆ. ಹೊಸದಾಗಿ ಕೂರಿಸಿದ ಮ್ಯೂಸಿಕ್ ಸಿಸ್ಟಮ್ಮನ್ನು ದುರಸ್ತಿಯೆಂದು ಬರೆಯುವಂತಿಲ್ಲ. ಬಿಲ್ಲಿನಲ್ಲಿ 'ವೈರಿಂಗ್ ಕೆಲಸ' ಎಂದಷ್ಟೇ ಇದ್ದರೆ ಯಾವುದು ಯಾವುದೆಂದು ನಿರೂಪಿಸುವುದು ಹೇಗೆ? ಕೆಲಸದ ವಿವರವನ್ನು ಬರೆಸಿಕೊಳ್ಳಿ, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ವಿಮೆಯದು ಇನ್ನೂ ಗಂಭೀರ ವಿಷಯ. ಸಮಗ್ರ ವಾಹನ ವಿಮೆಯು ಬೆಂಕಿಯಿಂದಾದ ನಷ್ಟವನ್ನು ಭರಿಸುತ್ತದೆ; ಸವಕಳಿ ಮತ್ತು ವಿದ್ಯುತ್ ಅಥವಾ ಯಾಂತ್ರಿಕ ವೈಫಲ್ಯವನ್ನು ಸಾಮಾನ್ಯ ಪಾಲಿಸಿಯು ಭರಿಸುವುದಿಲ್ಲ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕನು ಸೂಕ್ತ ಎಚ್ಚರ ವಹಿಸಬೇಕೆಂಬ ಷರತ್ತೂ ಅದರಲ್ಲಿದೆ. ಹೊರಗಿನಿಂದ ಅಳವಡಿಸಿದ ವಿದ್ಯುತ್ ಉಪಕರಣಗಳನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಅವುಗಳ ಮೌಲ್ಯ ದೊರೆಯದು. ಸುಟ್ಟ ವಾಹನದಲ್ಲಿ ಫ್ಯೂಸಿನ ಜಾಗದಲ್ಲಿ ತಂತಿಯ ತುಂಡು ಕಂಡರೆ ಸರ್ವೇಯರಿಗೆ ಏನೆಂದು ಸಮಜಾಯಿಷಿ ಕೊಡುವಿರಿ? ಹತ್ತು ರೂಪಾಯಿಯ ಫ್ಯೂಸನ್ನು ಉಳಿಸಿ ಹತ್ತು ಲಕ್ಷದ ಕ್ಲೇಮನ್ನು ವಿವಾದಕ್ಕೀಡು ಮಾಡುವುದು ಯಾವ ವ್ಯಾಪಾರ?

ವಾರಂಟಿ ಮತ್ತು ದುರಸ್ತಿಯ ಹಕ್ಕು

'ನಾವೇ ಕೈಹಾಕಿದರೆ ವಾರಂಟಿ ಹೋಗುತ್ತದೆ' ಎಂಬ ಭಯ ಅನೇಕರಲ್ಲಿದೆ. ವಾರಂಟಿ ಅವಧಿಯಲ್ಲಿ ತಂತಿಯ ದೋಷವನ್ನು ಉಚಿತವಾಗಿ ಸರಿಪಡಿಸಿಕೊಳ್ಳುವ ಅವಕಾಶವಿರುವಾಗ ತಾವೇ ಕೈಹಾಕುವುದು ಜಾಣತನವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗಬೇಕೆಂಬ ವಾದವನ್ನು ಒಪ್ಪಲಾಗದು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಅಧಿಕ ದಂಡ ವಿಧಿಸಿ ನೀಡಿದ ಆದೇಶದಲ್ಲಿ, ಬಿಡಿಭಾಗಗಳು ಮತ್ತು ದೋಷ ಪತ್ತೆಯ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ಹೇಳಿತು. ಹೊರಗಿನ ದುರಸ್ತಿಯ ಏಕೈಕ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸಬಾರದು, ದೋಷಪೂರ್ಣ ದುರಸ್ತಿಯಿಂದ ಹಾನಿಯಾದ ಮಟ್ಟಿಗೆ ಮಾತ್ರ ಅದನ್ನು ನಿರಾಕರಿಸಬಹುದು ಎಂಬುದು ಅದರ ಸಾರ. ಈ ಆದೇಶವನ್ನು ತಯಾರಕರು ಮೇಲ್ಮನವಿಗಳಲ್ಲಿ ಪ್ರಶ್ನಿಸಿದರು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಇದಕ್ಕಾಗಿಯೇ ಜಾಲತಾಣವೂ ಉದ್ಘಾಟನೆಗೊಂಡಿತು.

ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ತುಂಡಾದ ತಂತಿ ಯಾವುದೆಂದು ತಿಳಿಯಲು ಆ ವಾಹನದ ವೈರಿಂಗ್ ನಕ್ಷೆ ಬೇಕು. ಅದು ಮಾಲೀಕನ ಕೈಪಿಡಿಯಲ್ಲಿರುವುದಿಲ್ಲ. ನಕ್ಷೆಯಿಲ್ಲದ ದುರಸ್ತಿ, ಮೂಲ ದಾಖಲೆಯಿಲ್ಲದ ಲೆಕ್ಕಪರಿಶೋಧನೆಯಷ್ಟೇ ಕುರುಡು. ವಾಹನ ಮಾರುವವರು ಅದರ ನಕ್ಷೆಯನ್ನು ನ್ಯಾಯಸಮ್ಮತ ಬೆಲೆಗಾದರೂ ಒದಗಿಸಬೇಕೆಂದು ನಾವು ಒತ್ತಾಯಿಸಬೇಕು.

ಎರಡು ಆಕ್ಷೇಪಗಳು

ವ್ಯಾಪಾರಿಯ ಸಮಯಕ್ಕೆ ಬೆಲೆಯಿದೆ, ಅವನೇಕೆ ತಂತಿ ಕೂಡಿಸುತ್ತ ಕೂರಬೇಕು ಎಂದು ಕೆಲವರು ಕೇಳಬಹುದು. ಎಲ್ಲರೂ ಕೂಡಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಆದರೆ ದೋಷ ಬಲ್ಬಿನದೋ, ಫ್ಯೂಸಿನದೋ, ತಂತಿಯದೋ ಎಂದು ಹತ್ತು ನಿಮಿಷ ಪರೀಕ್ಷಿಸುವುದು ಸಮಯದ ಅಪವ್ಯಯವಲ್ಲ. ಬ್ರೇಕ್ ದೀಪ ಉರಿಯದ ವಾಹನದ ಹಿಂದೆ ರಾತ್ರಿ ಬರುವ ಲಾರಿಯ ಚಾಲಕನಿಗೆ ನಮ್ಮ ಸಮಯದ ಬೆಲೆ ತಿಳಿಯದು.

ಎರಡನೆಯ ಆಕ್ಷೇಪ, ಇದರಿಂದ ಆಟೋ ಎಲೆಕ್ಟ್ರಿಷಿಯನ್‌ಗಳ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂಬುದು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಅವರ ಅನ್ನಕ್ಕೆ ಕಲ್ಲು ಬೀಳುತ್ತಿರುವುದು 'ತಂತಿ ಕೂಡಿಸುವುದಿಲ್ಲ, ಹಾರ್ನೆಸ್ಸನ್ನೇ ಬದಲಾಯಿಸುತ್ತೇವೆ' ಎಂಬ ಪದ್ಧತಿಯಿಂದ. ಒಂದು ಹಾರ್ನೆಸ್ಸಿನಲ್ಲಿ ಒಂದು ತಂತಿಯನ್ನು ಹುಡುಕಿ ಕೂಡಿಸಬಲ್ಲ ಕುಶಲಕರ್ಮಿಯ ಬೆಲೆ ತಿಳಿಯುವುದು, ಆ ಕೆಲಸ ಎಷ್ಟು ಸೂಕ್ಷ್ಮವೆಂದು ಬಲ್ಲ ಗ್ರಾಹಕನಿಗೆ ಮಾತ್ರ. ಅಂತಹ ಗ್ರಾಹಕನು ಕೂಲಿಯಲ್ಲಿ ಚೌಕಾಸಿ ಮಾಡುವುದೂ ಕಡಿಮೆ.

ಸಂಸ್ಥೆಯಿಂದ ಅಪೇಕ್ಷೆ

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಸಂಸ್ಥೆಯ ಪದಾಧಿಕಾರಿಗಳ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಒಂದು, ಸದಸ್ಯರಿಗೂ ಅವರ ವಾಹನ ಚಾಲಕರಿಗೂ ಅನುಭವಿ ಆಟೋ ಎಲೆಕ್ಟ್ರಿಷಿಯನ್‌ಗಳಿಂದ, ಸ್ಥಳೀಯ ಐ.ಟಿ.ಐ. ಸಹಯೋಗದಲ್ಲಿ, ಅರ್ಧ ದಿನದ ತರಬೇತಿಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಏರ್ಪಡಿಸಬೇಕು. ಎರಡು, ದುರಸ್ತಿ ಬಿಲ್ಲಿನಲ್ಲಿ ದೋಷದ ಸ್ಥಳ, ಮಾಡಿದ ಕೆಲಸ ಮತ್ತು ಬಳಸಿದ ಸಾಮಗ್ರಿಯ ವಿವರವಿರುವ ಒಂದು ನಮೂನೆಯನ್ನು ಸಿದ್ಧಪಡಿಸಿ, ಸದಸ್ಯ ಗ್ಯಾರೇಜುಗಳು ಅದನ್ನೇ ಬಳಸುವಂತೆ ಮಾಡಬೇಕು. ಮೂರು, ವೈರಿಂಗ್ ನಕ್ಷೆಗಳು ಸ್ವತಂತ್ರ ದುರಸ್ತಿಗಾರರಿಗೂ ಮಾಲೀಕರಿಗೂ ಲಭ್ಯವಾಗಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಮನವಿ ಸಲ್ಲಿಸಬೇಕು.

ಅಲ್ಲಿಯವರೆಗೆ ಸದಸ್ಯ ಬಾಂಧವರು ತಮ್ಮ ಮಟ್ಟಿಗೆ ಮಾಡಬಹುದಾದದ್ದು ಒಂದಿದೆ. ಈ ಭಾನುವಾರ ತಮ್ಮ ವಾಹನದ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಕೈಪಿಡಿಯಲ್ಲಿ ಹೇಳಿದ ಸಂಖ್ಯೆಯ ಫ್ಯೂಸೇ ಅಲ್ಲಿದೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಎಲ್ಲಿಯಾದರೂ ಬೆಳ್ಳಿ ಕಾಗದವೋ ತಂತಿಯ ಚೂರೋ ಕಂಡರೆ ಆ ವಾಹನವನ್ನು ಸೋಮವಾರ ರಸ್ತೆಗೆ ಇಳಿಸಬೇಡಿ. ಮೊದಲು ಅದರ ಹಿಂದಿರುವ ದೋಷವನ್ನು ಸರಿಪಡಿಸಿ.